ಕಾರ್ಕಳಕ್ಕೆ ಹೋಗಿ ಬಂದ ಚಕ್ರಗಳು

"ನಿಮ್ಮ ಭಾರ ಎಷ್ಟು?"

ಕುಶಲಾಳಿಗೆ ತನ್ನ ಕಿವಿಯ ಮೇಲೆಯೇ ನಂಬಿಕೆ ಬರಲಿಲ್ಲ.

ಬೆಳಗ್ಗಿನ ಏಳೂವರೆ ಗಂಟೆ. ಕಟಪಾಡಿ ಪೇಟೆಯಲ್ಲಿ ಉಡುಪಿಯ ಬಸ್ಸಿಗೆ ಕಾದು ನಿಂತವರು ಏನಿಲ್ಲವೆಂದರೂ ಇಪ್ಪತ್ತು ಮಂದಿ. ಅವರೆಲ್ಲರ ಕಣ್ಣೆದುರಿಗೆ ಅವಳು ಒಂದು ಮೈಲು ದೂರದಿಂದ ಸೈಕಲಿನ ಹಿಂಭಾಗವನ್ನು ಎತ್ತಿ ಹಿಡಿದುಕೊಂಡೇ ನಡೆದು ಬಂದಿದ್ದಳು. ಹಿಂದಿನ ಚಕ್ರ ಹುರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಸೀರೆಯ ನೆರಿಗೆಗೆಲ್ಲ ಕೆಂಪು ಮಣ್ಣು. ಕ್ಯಾರಿಯರಿನಲ್ಲಿ ಇನ್ನೂ ಹಂಚಿ ಮುಗಿಯದ ನಲವತ್ತು ಪೇಪರು.

ಹೀಗೆ ಬಂದವಳಿಗೆ ಸೈಕಲ್ ಅಂಗಡಿಯವನು ಕೇಳುವ ಮೊದಲ ಪ್ರಶ್ನೆ ಇದಾ?

"ಎಂತ ಕೇಳಿದ್ದು ನೀವು?"

"ಭಾರ," ಎಂದ ಅವನು, ಚಕ್ರದಿಂದ ಕಣ್ಣು ತೆಗೆಯದೆ. "ಪೇಪರಿನದ್ದು ನಾನು ತೂಗಿ ನೋಡ್ತೇನೆ. ನಿಮ್ಮದು ನೀವೇ ಹೇಳಬೇಕು."

ಬಸ್ಸಿಗೆ ಕಾಯುತ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕುಶಲಾಳ ಮುಖ ಕೆಂಪೇರಿತು.

"ಮದ್ದು ಮಾಡಬೇಕಾದದ್ದು ಸೈಕಲಿಗೆ. ನನಗಲ್ಲ," ಎಂದಳು.

ಅವನು ಆಗ ತಲೆಯೆತ್ತಿ ನೋಡಿದ. ಇಪ್ಪತ್ತೆಂಟು ಮೂವತ್ತರ ಪ್ರಾಯ. ನಗುವೂ ಇಲ್ಲ, ತುಂಟತನವೂ ಇಲ್ಲ. ತಾನು ಕೇಳಿದ್ದರಲ್ಲಿ ತಪ್ಪೇನಿದೆ ಎಂದು ನಿಜಕ್ಕೂ ಗೊತ್ತಾಗದ ಮುಖ. ಅದನ್ನು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂತು. ತಮಾಷೆ ಮಾಡಿದ್ದಾದರೆ ಬೈದಾದರೂ ಬಿಡಬಹುದಿತ್ತು...

ಅವನ ಹೆಸರು ಸರ್ವೋತ್ತಮ. ಪೇಟೆಯವರಿಗೆಲ್ಲ ಅವನು ಸರ್ವೋತ್ತಮಣ್ಣ. ಆದರೆ ಆ 'ಅಣ್ಣ' ಎಂಬುದು ಕುಶಲಾಳ ನಾಲಿಗೆಗೆ ಯಾಕೋ ಆ ದಿನವೂ ಹತ್ತಲಿಲ್ಲ, ಮುಂದೆಯೂ ಹತ್ತಲಿಲ್ಲ.

ಅದು ಸಾವಿರದ ಒಂಬೈನೂರ ಎಂಬತ್ತಮೂರರ ಡಿಸೆಂಬರ್ ತಿಂಗಳು.

ಕುಶಲಾಳ ತಂದೆ ಅಣ್ಣು ಹತ್ತು ವರ್ಷಗಳಿಂದ ಪೇಪರ್ ಏಜಂಟರು. ಮಣಿಪಾಲದಿಂದ ಬರುವ ವ್ಯಾನು ಬೆಳಗ್ಗೆ ಐದಕ್ಕೆ ಕಟಪಾಡಿಯಲ್ಲಿ ಕಟ್ಟು ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಕಾಪುವಿನ ತನಕ, ಹೆದ್ದಾರಿಯ ಎರಡೂ ಬದಿಯ ಒಳದಾರಿಗಳಲ್ಲಿ ನೂರ ಅರವತ್ತು ಮನೆಗಳಿಗೆ ಪೇಪರ್ ಮುಟ್ಟಿಸುವುದು ಅವರ ಲೈನು. ಹೋದ ಮಳೆಗಾಲದಲ್ಲಿ ಬಾವಿಕಟ್ಟೆಯ ಬಳಿ ಜಾರಿ ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಅಣ್ಣು ಸೈಕಲ್ ತುಳಿಯುವಂತಿರಲಿಲ್ಲ. ಲೈನು ಬಿಟ್ಟುಕೊಡುವುದು ಎಂದು ಅವರು ಹೇಳಿದಾಗ, ನಾನಿಲ್ಲವಾ ಎಂದು ಕೇಳಿದವಳು ಕುಶಲಾ.

ಸೀರೆ ಉಟ್ಟ ಇಪ್ಪತ್ಮೂರರ ಹುಡುಗಿ ಪೇಪರ್ ಹಾಕುವುದನ್ನು ಊರು ಒಂದು ತಿಂಗಳು ಬಾಯಿಬಿಟ್ಟು ನೋಡಿತು. ಆಮೇಲೆ ಪೇಪರು ಯಾಕೆ ತಡ ಎಂದು ಕೇಳಲಾರಂಭಿಸಿತು.

ಸೈಕಲ್ ಅವಳ ಅಣ್ಣ ಕಿಟ್ಟ ಬಹರೈನಿನಿಂದ ಕಳುಹಿಸಿದ್ದು. ಅವನು ಕೆಲಸಕ್ಕಿದ್ದ ಕಂಪನಿಯ ಇಂಗ್ಲಿಷ್ ಇಂಜಿನಿಯರನ ಹೆಂಡತಿ ಊರಿಗೆ ಮರಳುವಾಗ ಬಿಟ್ಟುಹೋದ ರೋಡ್ ಸೈಕಲು. ಹಗುರವೆಂದರೆ ಹಗುರ, ಒಂದೇ ಕೈಯಲ್ಲಿ ಎತ್ತಬಹುದು. ಎದುರಿನ ಕಂಬಿ ಇಳಿಜಾರಾಗಿದ್ದದ್ದರಿಂದ ಸೀರೆಗೂ ತೊಂದರೆಯಿಲ್ಲ. ಹತ್ತು ಗೇರು, ಬೆರಳಿನಷ್ಟು ತೆಳ್ಳಗಿನ ಟಯರು, ಕನ್ನಡಿಯಂತೆ ಹೊಳೆಯುವ ರಿಮ್ಮು. ಕಟಪಾಡಿಯಲ್ಲಿ ಬಿಡಿ, ಉಡುಪಿಯಲ್ಲೂ ಅಂಥದ್ದು ಇರಲಿಲ್ಲ.

ಅಂಥ ಸೈಕಲಿನ ಬಗ್ಗೆ ಈ ಮನುಷ್ಯ ಹೇಳಿದ್ದು ಇಷ್ಟೇ.

"ಇದು ಒಳ್ಳೆ ಚಕ್ರ. ನಿಮ್ಮ ಕೆಲಸಕ್ಕೆ ಅಲ್ಲ."

ಬೆಂಡು ತೆಗೆದು, ಮುರಿದ ನಾಲ್ಕು ಸ್ಪೋಕು ಬದಲಾಯಿಸಿ ಅವನು ಸೈಕಲನ್ನು ಅವಳ ಕೈಗೆ ಕೊಡುವಾಗ ಒಂಬತ್ತು ಗಂಟೆ. ಎಂಟು ದಿನ ಬರ್ತದೆ, ಮತ್ತೆ ಹೋಗ್ತದೆ ಎಂದು ಹೇಳಿ ಒಳಗೆ ಹೋದ.

ಎಂಟನೆಯ ದಿನದ ಸಂಜೆ ಕುಶಲಾ ಬೇಕೆಂದೇ ಅವನ ಅಂಗಡಿಯ ಮುಂದಿನಿಂದ ಬೆಲ್ಲು ಬಾರಿಸುತ್ತ ಹೋದಳು. ಅವನು ತಲೆಯೆತ್ತಿ ನೋಡಿದ. ನೋಡಲಿ! ಎಂದು ಅವಳ ಮನಸ್ಸು ಕುಣಿಯಿತು.

ಒಂಬತ್ತನೆಯ ದಿನ ಬೆಳಗ್ಗೆ ಆರಕ್ಕೆ, ಮೂಳೂರಿನ ಒಳದಾರಿಯಲ್ಲಿ, ಹಿಂದಿನ ಚಕ್ರದ ಮೂರು ಸ್ಪೋಕು ಒಟ್ಟಿಗೆ ತುಂಡಾದವು.

ಅವಳು ಮತ್ತೆ ಸೈಕಲ್ ಎತ್ತಿ ಹಿಡಿದುಕೊಂಡು ಬಂದಾಗ ಅವನು ಏನೂ ಹೇಳಲಿಲ್ಲ. 'ನಾನು ಹೇಳಿದ್ದೆ' ಎಂದಾದರೂ ಹೇಳಬಾರದೇ! ಆ ಮೌನದ ಮೇಲೆ ಅವಳು ಏನೆಂದು ಹರಿಹಾಯುವುದು?

ಹಾಗೆ ಡಿಸೆಂಬರಿನಲ್ಲಿ ನಾಲ್ಕು ಸಲ. ಪ್ರತಿ ಸಲವೂ ಅರ್ಧ ಲೈನಿನ ಪೇಪರು ಒಂಬತ್ತರ ಮೇಲೆ. ನಿವೃತ್ತ ಹೆಡ್‌ಮಾಸ್ಟರ್ ಪೀಟರ್ ಮಾಸ್ತರರು ಗೇಟಿನ ಬಳಿ ಕೈಗಡಿಯಾರ ತಿರುಗಿಸುತ್ತ ನಿಂತಿರುತ್ತಿದ್ದರು. ಪೇಪರಿನ ಸುದ್ದಿಯನ್ನು ರೇಡಿಯೋದವರು ನನಗೆ ಮೊದಲೇ ಹೇಳಿದರು ಎಂದು ತಣ್ಣಗೆ ಹೇಳಿ ಒಳಗೆ ಹೋಗುತ್ತಿದ್ದರು. ದೂರು ಮಣಿಪಾಲದ ಪೇಪರ್ ಆಫೀಸಿನವರೆಗೆ ಹೋಯಿತು. ಅಲ್ಲಿಂದ ಮೇಲ್ವಿಚಾರಕರ ಪತ್ರ ಬಂತು. ಜನವರಿ ಕೊನೆಯ ತನಕ ನೋಡುತ್ತೇವೆ, ಆಮೇಲೆಯೂ ತಡವಾದರೆ ಲೈನನ್ನು ಕಾಪುವಿನ ಇನ್ನೊಬ್ಬರಿಗೆ ಕೊಡಬೇಕಾಗುತ್ತದೆ ಎಂದು.

ಅಪ್ಪ ಆ ಪತ್ರವನ್ನು ಎರಡು ಸಲ ಓದಿ, ಮಡಚಿ, ತಲೆದಿಂಬಿನಡಿ ಇಟ್ಟರು. ಕುಶಲಾಳಿಗೆ ಅದನ್ನು ನೋಡಲಾಗಲಿಲ್ಲ. ನೇರ ಸರ್ವೋತ್ತಮನ ಅಂಗಡಿಗೆ ಹೋದಳು.

"ರಿಪೇರಿ ಸಾಕು. ಹೊಸ ಚಕ್ರವೇ ಹಾಕಿ. ಇದೇ ತರದ್ದು, ಇಷ್ಟೇ ಚಂದದ್ದು."

ಅವನು ಅವಳಿಗೊಂದು ಸ್ಟೂಲು ಕೊಟ್ಟ. ಆಮೇಲೆ ಅವನು ಹೇಳಿದಷ್ಟು ಮಾತನ್ನು ಆ ಅಂಗಡಿಯಲ್ಲಿ ಯಾರೂ ಒಂದೇ ಸಲ ಕೇಳಿರಲಿಕ್ಕಿಲ್ಲ.

ಇದೇ ಅಳತೆಯ ರಿಮ್ಮು ಈ ದೇಶದಲ್ಲಿ ಸಿಗುವುದು ಕಷ್ಟ, ಹೇಗೋ ಬೊಂಬಾಯಿಯಿಂದ ತರಿಸಿದರೂ ಟಯರು ಹರಿದ ದಿನ ಮತ್ತೆ ಬೊಂಬಾಯಿಗೇ ಬರೆಯಬೇಕು. ನಮ್ಮ ಸಾಮಾನ್ಯ ಸೈಕಲುಗಳ ಇಪ್ಪತ್ತೆಂಟು ಇಂಚಿನ ಚಕ್ರ ಗಟ್ಟಿ, ಆದರೆ ಅದರ ದಪ್ಪ ಟಯರು ಈ ಫ್ರೇಮಿಗೆ ಉಜ್ಜುತ್ತದೆ. ಉಳಿದದ್ದು ಇಪ್ಪತ್ತಾರು ಇಂಚಿನದ್ದು. ಉಕ್ಕಿನ ರಿಮ್ಮು, ಹಿಂದಕ್ಕೆ ಮೂವತ್ತಾರರ ಬದಲು ನಲವತ್ತು ಸ್ಪೋಕು. ಟಯರು ಕಾಪುವಿನಲ್ಲೂ ಸಿಗುತ್ತದೆ, ಕಾರ್ಕಳದಲ್ಲೂ ಸಿಗುತ್ತದೆ. ಆದರೆ ಚಕ್ರ ಚಿಕ್ಕದಾದ ಕಾರಣ ಬ್ರೇಕಿನ ರಬ್ಬರು ರಿಮ್ಮಿಗೆ ಮುಟ್ಟುವುದಿಲ್ಲ. ಉದ್ದ ಕೈಯ ಬ್ರೇಕು ಹುಡುಕಬೇಕು. ಗೇರನ್ನೂ ಬಿಡಬೇಕಾಗುತ್ತದೆ.

"ಗೇರು ಬಿಡುವುದಾ? ಹತ್ತು ಗೇರು ಉಂಟು ಅದರಲ್ಲಿ!"

"ಕಟಪಾಡಿಯಿಂದ ಕಾಪುವಿಗೆ ನೀವು ಎಷ್ಟು ಗೇರು ಹಾಕ್ತೀರಿ?"

ಕುಶಲಾ ಬಾಯಿ ತೆರೆದಳು, ಮುಚ್ಚಿದಳು. ಅವಳು ಹಾಕುತ್ತಿದ್ದದ್ದು ಒಂದೇ ಗೇರು. ಉಳಿದ ಒಂಬತ್ತು ಯಾಕಿವೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಎಷ್ಟು ದಿನ ಬೇಕು ಎಂದು ಕೇಳಿದಳು. ಅಂದಾಜು ಐದಾರು ವಾರ ಎಂದ. ರಿಮ್ಮು ಲೂಧಿಯಾನದಿಂದ ಬರಬೇಕು, ಬ್ರೇಕು ಮಂಗಳೂರಿನಲ್ಲಿ ಹುಡುಕಬೇಕು, ಮತ್ತೆ... ಮತ್ತೆ ಏನು ಎಂದು ಕೇಳಿದರೆ ಮಾತು ನುಂಗಿದ. ಅಷ್ಟರವರೆಗೆ ಹಳೆಯದ್ದನ್ನೇ ನೋಡಿಕೊಳ್ಳುತ್ತೇನೆ, ಪೇಪರಿನ ಕೆಲಸ ಮುಗಿದ ಕೂಡಲೇ ದಿನಾ ಇಲ್ಲಿ ತಂದು ನಿಲ್ಲಿಸಿ ಎಂದ.

ದಿನಾ! ಈ ಮನುಷ್ಯನ ಮುಖವನ್ನು ದಿನಾ ನೋಡುವುದಾ?

ಆದರೆ ನೋಡಿದಳು. ದಿನವೂ ಎಂಟೂವರೆಗೆ ಸೈಕಲ್ ತಂದು ನಿಲ್ಲಿಸುತ್ತಿದ್ದಳು. ಅವನು ಒಂದೊಂದೇ ಸ್ಪೋಕನ್ನು ಬೆರಳಲ್ಲಿ ಮೀಟಿ, ಸದ್ದು ಕೇಳಿ, ಸಡಿಲವಾದದ್ದನ್ನು ಬಿಗಿ ಮಾಡುತ್ತಿದ್ದ. ಇವತ್ತು ಯಾವ ದಾರಿ ಹೋದಿರಿ, ಹೊಂಡ ಎಲ್ಲಿ ಜಾಸ್ತಿ, ಮಟ್ಟುವಿನ ಕಡಲ ಬದಿಯಲ್ಲಿ ಚಕ್ರ ಹೂಳುವ ಹೊಯಿಗೆ ಎಷ್ಟು ಉಂಟು ಎಂದು ಕೇಳುತ್ತಿದ್ದ. ಮೊದಮೊದಲು ಅವಳು ಸಿಡುಕಿಯೇ ಉತ್ತರಿಸುತ್ತಿದ್ದಳು. ಆಮೇಲಾಮೇಲೆ ದಾರಿಯಲ್ಲಿ ಹೊಂಡ ಕಂಡಾಗಲೆಲ್ಲ, ಇದನ್ನು ಅವನಿಗೆ ಹೇಳಬೇಕು ಎಂದು ನೆನಪಿಟ್ಟುಕೊಳ್ಳತೊಡಗಿದಳು.

ಮನೆಯಲ್ಲಿ ಅವಳ ಮಾತನ್ನು ಅಷ್ಟು ಕಿವಿಗೊಟ್ಟು ಕೇಳುವವರು ಯಾರಿದ್ದರು? ಅಪ್ಪ ನೋವಿನಲ್ಲಿ, ಅಣ್ಣ ಕಡಲಾಚೆ...

ಛೆ, ಹೊಂಡದ ಮಾತಲ್ಲವೇ, ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಭಾನುವಾರಗಳು ಅವಳಿಗೆ ಉದ್ದವೆನಿಸತೊಡಗಿದವು. ಭಾನುವಾರ ಅವನ ಅಂಗಡಿ ಮುಚ್ಚಿರುತ್ತಿತ್ತು.

ಜನವರಿಯ ನಾಲ್ಕನೆಯ ವಾರದಲ್ಲಿ ಒಂದು ಬೆಳಗ್ಗೆ, ಕೈ ತೊಳೆಯಲೆಂದು ಅಂಗಡಿಯ ಹಿಂದಕ್ಕೆ ಹೋದವಳು ಅಲ್ಲಿಯೇ ನಿಂತುಬಿಟ್ಟಳು.

ಮಾಡಿನ ಅಡ್ಡ ತೊಲೆಗೆ ಎರಡು ಹೊಸ ಚಕ್ರಗಳು ತೂಗುತ್ತಿದ್ದವು. ಇಪ್ಪತ್ತಾರು ಇಂಚಿನವು. ಹಿಂದಿನದಕ್ಕೆ ನಲವತ್ತು ಸ್ಪೋಕು. ಎಣಿಸಿಯೇ ನೋಡಿದಳು. ರಿಮ್ಮಿನ ಮೇಲೆ ಸೀಮೆಸುಣ್ಣದಲ್ಲಿ 'ಕಾರ್ಕಳ' ಎಂದು ಬರೆದು, ಪಕ್ಕದಲ್ಲಿ ಮೂರು ಗೀಟು ಎಳೆದಿತ್ತು.

"ಚಕ್ರ ಬಂದಿದೆ ಅಲ್ವಾ?" ಎಂದು ಕೂಗಿ ಕೇಳಿದಳು. ಸಂತೋಷ ಧ್ವನಿಯಲ್ಲೇ ಇತ್ತು.

ಸರ್ವೋತ್ತಮ ಓಡಿ ಬಂದವನಂತೆ ಬಂದು ಚಕ್ರಗಳಿಗೂ ಅವಳಿಗೂ ನಡುವೆ ನಿಂತ.

"ಅದು ಆಗಲಿಲ್ಲ. ಈಗ ಕೊಡ್ಲಿಕ್ಕಿಲ್ಲ."

"ಯಾರದ್ದು ಅದು? ಕಾರ್ಕಳದಲ್ಲಿ ಯಾರು?"

ಅವನ ಕಿವಿ ಕೆಂಪಾಯಿತು. ಗೋಣಿಯೊಂದನ್ನು ಎಳೆದು ಚಕ್ರಗಳ ಮೇಲೆ ಮುಚ್ಚಿದ.

ಉತ್ತರ ಸಿಕ್ಕಿದ್ದು ಪಕ್ಕದ ಹೋಟೆಲಿನ ಚಂದುವಿನಿಂದ. ಚಹಾ ತಂದುಕೊಡುತ್ತ ಅವನು ತಾನಾಗಿಯೇ ಸುರು ಮಾಡಿದ. ಸರ್ವೋತ್ತಮಣ್ಣ ಈಗ ಮೂರು ವಾರದಿಂದ ಪ್ರತಿ ಆದಿತ್ಯವಾರ ಆ ಹೊಸ ಚಕ್ರ ಹಾಕಿಕೊಂಡು ಶಿರ್ವದ ದಾರಿಯಾಗಿ ಕಾರ್ಕಳಕ್ಕೆ ಹೋಗುತ್ತಾನೆ, ಕ್ಯಾರಿಯರಿನಲ್ಲಿ ಒಂದು ದೊಡ್ಡ ಗೋಣಿಚೀಲ ಬೇರೆ. ಸಂಜೆ ಬರುವಾಗ ಮುಖದಲ್ಲಿ ಏನು ಸಂತೋಷ! ಹೆಣ್ಣಿನ ಮನೆ ಅಲ್ಲಿಯೇ ಇರಬೇಕು, ಅಕ್ಕಿಯೋ ತೆಂಗಿನಕಾಯಿಯೋ ಹೊತ್ತುಕೊಂಡು ಹೋಗುವುದಿರಬೇಕು ಎಂದು ಚಂದುವಿನ ಲೆಕ್ಕ.

ಅವಳು ಚಹಾವನ್ನು ಅರ್ಧಕ್ಕೇ ಇಟ್ಟು ಎದ್ದಳು.

ಹಾಗಾದರೆ ನನ್ನ ಹೊಂಡಗಳು? ನಾನು ನೆನಪಿಟ್ಟುಕೊಂಡು ಬಂದು ಹೇಳಿದ ಆ ಹೊಂಡಗಳೆಲ್ಲ?

'ಅವನಿಗೆ ಹೆಣ್ಣು ನಿಶ್ಚಯವಾದರೆ ನನಗೆಂತ?' ಎಂದು ಅವಳು ಮನೆಯ ದಾರಿಯುದ್ದಕ್ಕೂ ಕೇಳಿಕೊಂಡಳು. ನನಗೆ ಸಿಟ್ಟು ಚಕ್ರದ ಬಗ್ಗೆ. ನನ್ನ ಲೈನು ಹೋಗುವ ಹೊತ್ತಿಗೆ, ಆಗಲಿಲ್ಲ ಎಂದು ಸುಳ್ಳು ಹೇಳಿ ಬೇರೆಯವರಿಗೆ ಚಕ್ರ ಮಾಡಿಟ್ಟಿದ್ದಾನಲ್ಲ, ಅದಕ್ಕೆ ಸಿಟ್ಟು. ಅಷ್ಟೇ. ಅಷ್ಟೇ ಆಗಿದ್ದರೆ ಕಣ್ಣು ಯಾಕೆ ಉರಿಯಬೇಕು?

ಮರುದಿನ ಅವಳು ಸೈಕಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಉಡುಪಿಗೆ ಹೋದಳು. ಅಲ್ಲಿ ಒಂದು ದೊಡ್ಡ ಸೈಕಲ್ ಅಂಗಡಿ. ಅದರ ಮಾಲಕರು ಆಗುವುದಿಲ್ಲ ಎಂಬ ಮಾತನ್ನು ಕಲಿತೇ ಇರಲಿಲ್ಲ. ಹೊಳೆಯುವ ಇಪ್ಪತ್ತಾರರ ಚಕ್ರವಾ? ಆಗಬಹುದು. ಗೇರು ಉಳಿಯಬೇಕಾ? ಉಳಿಸುವ. ಬ್ರೇಕು ಮುಟ್ಟುತ್ತದಾ? ಮುಟ್ಟಿಸುವ, ಅದೆಂತ ದೊಡ್ಡ ವಿಷಯ! ಬ್ರೇಕಿನ ರಬ್ಬರು ಕೂರುವ ಕಂಡಿಯನ್ನು ಅರದಿಂದ ಉಜ್ಜಿ ಉದ್ದ ಮಾಡಿ, ರಬ್ಬರನ್ನು ಕೆಳಕ್ಕೆ ಎಳೆದು ಬಿಗಿದರು. ಮೂರು ಗಂಟೆಯಲ್ಲಿ ಕೆಲಸ ಮುಗಿಯಿತು. ಅವಳ ಭಾರ ಎಷ್ಟೆಂದು ಯಾರೂ ಕೇಳಲಿಲ್ಲ.

ಹೌದು ಎನ್ನುವ ಮನುಷ್ಯರು ಎಷ್ಟು ಒಳ್ಳೆಯವರು ಎಂದುಕೊಂಡಳು ಕುಶಲಾ.

ಕಟಪಾಡಿಗೆ ಅವಳು ಸೈಕಲ್ ತುಳಿದುಕೊಂಡೇ ಬಂದಳು. ಸರ್ವೋತ್ತಮನ ಅಂಗಡಿ ದಾಟುವಾಗ ಕಣ್ಣು ಆ ಕಡೆ ತಿರುಗಿಸಲಿಲ್ಲ. ಆದರೆ ಅವನು ಅಂಗಡಿಯಿಂದ ರಸ್ತೆಗೆ ಇಳಿದು ಹಿಂದೆ ಓಡಿ ಬರುತ್ತಿರುವುದು ಗೊತ್ತಾಯಿತು.

"ನಿಲ್ಲಿ. ಆ ಬ್ರೇಕು ಸರಿ ಇಲ್ಲ... ಒಮ್ಮೆ ನಿಲ್ಲಿ, ಮಾರಾಯ್ರೆ!"

ಅವಳು ನಿಲ್ಲಲಿಲ್ಲ. ನಿಮ್ಮ ಕಾರ್ಕಳದವರ ಬ್ರೇಕು ನೋಡಿಕೊಳ್ಳಿ ಎಂದು ಹೇಳಬೇಕೆನಿಸಿತು. ಹೇಳಿದರೆ ಧ್ವನಿ ನಡುಗುತ್ತದೆ ಎಂದು ಹೇಳಲಿಲ್ಲ.

ಮೂರು ದಿನ ಪೇಪರು ಹೊತ್ತಿಗೆ ಸರಿಯಾಗಿ ಮುಟ್ಟಿತು. ಪೀಟರ್ ಮಾಸ್ತರರು ಗೇಟಿನ ಬಳಿ ಬರುವ ಮೊದಲೇ ಪೇಪರು ಬಂದು ಬಿದ್ದಿರುತ್ತಿತ್ತು. ನಾಲ್ಕನೆಯ ದಿನ ಶನಿವಾರ. ಕುಶಲಾ ಕೆಲಸ ಮುಗಿಸಿ ಸೈಕಲಿನಲ್ಲಿಯೇ ಮಣಿಪಾಲಕ್ಕೆ ಹೋದಳು. ಮೇಲ್ವಿಚಾರಕರು ಅವಳ ಮಾತನ್ನೆಲ್ಲ ಕೇಳಿ, ಹೊರಗೆ ಬಂದು ಹೊಸ ಚಕ್ರಗಳನ್ನೂ ನೋಡಿ, ಲೈನನ್ನು ಇನ್ನು ಅವಳ ಹೆಸರಿಗೇ ಬರೆದುಕೊಳ್ಳುವುದಾಗಿ ಹೇಳಿದರು.

ಸಂತೋಷವನ್ನು ಯಾರಿಗೆ ಹೇಳುವುದು? ಮೊದಲು ನೆನಪಾದ ಮುಖವನ್ನು ಅವಳು ಸಿಟ್ಟಿನಿಂದಲೇ ದೂಡಿದಳು. ಇಂದ್ರಾಳಿಯ ಕಡೆಗೆ ಇಳಿಜಾರು ಸುರುವಾಯಿತು.

ಎದುರಿನಿಂದ ಬಸ್ಸು. ಅವಳು ಎರಡೂ ಬ್ರೇಕನ್ನು ಒತ್ತಿ ಹಿಡಿದಳು. ಎದುರಿನ ಚಕ್ರದ ರಬ್ಬರು ರಿಮ್ಮಿನಿಂದ ಜಾರಿ ಟಯರಿಗೆ ಕಚ್ಚಿಕೊಂಡಿತು. ಗುಂಡು ಹೊಡೆದಂಥ ಸದ್ದು. ಟಯರು ಒಡೆದು ಹ್ಯಾಂಡಲ್ ತಿರುಗಿತು... ಮತ್ತೆ ಅವಳಿಗೆ ಗೊತ್ತಾದದ್ದು, ತಾನು ರಸ್ತೆ ಬದಿಯ ಮುರಕಲ್ಲಿನ ಮೇಲೆ ಬಿದ್ದಿದ್ದೇನೆ ಎಂಬುದು.

ಮೊಣಕಾಲಿಗೆ ಐದು ಹೊಲಿಗೆ. ಎಡಗೈಯ ಮಣಿಕಟ್ಟು ಉಳುಕಿ ಬಾತು ಕುಂಬಳದಂತಾಗಿತ್ತು. ಬಸ್ಸಿನವರೇ ಆಸ್ಪತ್ರೆಗೆ ಮುಟ್ಟಿಸಿ, ಆಮೇಲೆ ಸೈಕಲ್ ಸಮೇತ ಕಟಪಾಡಿಯಲ್ಲಿ ಇಳಿಸಿದರು. ಹದಿನೈದು ದಿನ ಆ ಕೈಯಲ್ಲಿ ಭಾರ ಹಿಡಿಯಬಾರದೆಂದು ಡಾಕ್ಟರು ಹೇಳಿದ್ದರು. ಲೈನು ಕೈಗೆ ಬಂದ ದಿನವೇ ಕೈ ಹೋಯಿತು.

ಮರುದಿನ ಐದಕ್ಕೆ ಅವಳು ಕುಂಟುತ್ತ ಪೇಟೆಗೆ ಹೋದಳು. ನಡೆದೇ ಹಂಚುತ್ತೇನೆ, ಎಷ್ಟಾಗುತ್ತದೋ ಅಷ್ಟು ಎಂಬ ಹಠ. ಆದರೆ ಪೇಪರಿನ ಕಟ್ಟು ಅಲ್ಲಿರಲಿಲ್ಲ. ಹೋಟೆಲಿನ ಒಲೆ ಹಚ್ಚುತ್ತಿದ್ದ ಚಂದು, ಸರ್ವೋತ್ತಮಣ್ಣ ತೆಗೆದುಕೊಂಡು ಹೋದ ಎಂದ. ಎಲ್ಲಿಗೆ ಎಂದು ಕೇಳಿದರೆ, ನಿಮ್ಮ ಲೈನಿಗೆ, ಮತ್ತೆಲ್ಲಿಗೆ ಎಂದ.

ಎಂಟು ಗಂಟೆಯಿಂದ ಮನೆಗೆ ದೂರು ಬರತೊಡಗಿತು.

ಪೀಟರ್ ಮಾಸ್ತರರಿಗೆ ಸಿಕ್ಕಿದ್ದು ಹೆಂಗಸರ ವಾರಪತ್ರಿಕೆ. ವಾರಪತ್ರಿಕೆ ತರಿಸುವ ಝೈನಬ್‌ಬಾಯಿಗೆ ಎರಡು ಪೇಪರು. ಮೂಳೂರಿನಲ್ಲಿ ಬೀಗ ಹಾಕಿದ ಒಂದು ಮನೆಗೆ ಮೂರು ಪೇಪರು, ಅದರ ಪಕ್ಕದ ಡಾಕ್ಟರಿಗೆ ಒಂದೂ ಇಲ್ಲ. ಕುಶಲಾ ತಲೆಗೆ ಕೈ ಹೊತ್ತು ಕುಳಿತಳು. ಅಪ್ಪ ಮಾತ್ರ ಮಂಚದ ಮೇಲೆ ಮಲಗಿದಲ್ಲೇ ಹೊಟ್ಟೆ ಹಿಡಿದು ನಗುತ್ತಿದ್ದರು. ಸೊಂಟ ಮುರಿದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಹತ್ತು ಗಂಟೆಗೆ ಉದ್ಯಾವರದ ಬೂಬ ಮೀನಿನ ಬುಟ್ಟಿ ಹೊತ್ತು ಬಂದ. ಐವತ್ತು ದಾಟಿದ ಮನುಷ್ಯ. ಅವನ ಬಲಗೈ ಮೊಣಕೈಯಿಂದಾಚೆ ನೆಟ್ಟಗಾಗುತ್ತಿರಲಿಲ್ಲ. ಕುಶಲಾಳ ಕೈಯ ಬ್ಯಾಂಡೇಜು ನೋಡಿ, ಬಿದ್ದ ಕತೆಯನ್ನೆಲ್ಲ ಕೇಳಿ, ಬುಟ್ಟಿ ಇಳಿಸಿ ಜಗಲಿಯಲ್ಲಿ ಕುಳಿತ.

"ನನ್ನ ಕೈ ಹೀಗಾದದ್ದೂ ಚಕ್ರದಿಂದಲೇ, ಕುಶಲಕ್ಕ."

ಎಂಟು ವರ್ಷದ ಹಿಂದೆ, ಸರ್ವೋತ್ತಮ ಅಂಗಡಿ ತೆರೆದ ಹೊಸತು. ಬೂಬ ಆಗ ಸೈಕಲಿನಲ್ಲಿ ಮೀನು ಮಾರುತ್ತಿದ್ದ. ಹೊಸ ಚಕ್ರ ಇವತ್ತೇ ಬೇಕು ಎಂದು ಅಂಗಡಿಯಲ್ಲೇ ಕೂತು ಹಠ ಹಿಡಿದ. ಸರ್ವೋತ್ತಮ ಸಂಜೆಯೊಳಗೆ ಮಾಡಿ ಕೊಟ್ಟ. ಮರುದಿನ ಉದ್ಯಾವರದ ಸೇತುವೆಯ ಮೇಲೆ, ತುಂಬಿದ ಮೀನಿನ ಬುಟ್ಟಿಯ ಭಾರಕ್ಕೆ ರಿಮ್ಮು ಮಡಚಿತು.

"ತಪ್ಪು ನನ್ನದೇ. ಅವಸರ ನನ್ನದು. ಆದರೆ ಆ ಮನುಷ್ಯ ಅದನ್ನು ಒಪ್ಪುವುದಿಲ್ಲ. ಅವತ್ತಿನಿಂದ ಒಂದು ಚಕ್ರವನ್ನೂ ತಾನು ಭಾರ ಹೇರಿ ತುಳಿದು ನೋಡದೆ ಕೊಟ್ಟದ್ದಿಲ್ಲ. ನಿಮ್ಮದನ್ನೂ ಕಾರ್ಕಳಕ್ಕೆ ಕೊಂಡುಹೋಗ್ತಾ ಇದ್ದಾನಲ್ಲ... ಸ್ಪೋಕು ಕೂರಬೇಕು, ನಾಲ್ಕು ಸಲ ಹೋಗಿ ಬಂದರೆ ಮತ್ತೆ ಅಲುಗುವುದಿಲ್ಲ ಅಂತ ಅವನ ಲೆಕ್ಕ."

ಕುಶಲಾ ಜಗಲಿಯ ಕಂಬ ಹಿಡಿದು ಎದ್ದಳು. "ನನ್ನದಾ? ಆ ಚಕ್ರ ನನ್ನದಾ?"

ಮತ್ತೆ ಯಾರದ್ದು ಎಂದ ಬೂಬ. ಗೋಣಿಯಲ್ಲಿ ಏನಿತ್ತು ಎಂದು ಅವಳು ಕೇಳಿದಳು. ಹೊಯಿಗೆ ಎಂದ. ಮಟ್ಟುವಿನ ಮರಳು, ತಾನೇ ತುಂಬಿಸಿ ಕೊಟ್ಟದ್ದು. ಐವತ್ತು ಕಿಲೋ ಬೇಕೇ ಬೇಕು ಎಂದಿದ್ದನಂತೆ. ಪೇಪರಿನ ಭಾರ ಹದಿನೈದು ಕಿಲೋ ಸಾಲದಾ ಎಂದು ಬೂಬ ಕೇಳಿದರೆ ತುಂಬಿಸಿ ಎಂದಷ್ಟೇ ಹೇಳಿದನಂತೆ.

ನಾಲ್ಕು ಸಲ. ಅವಳು ಕಂಡಾಗ ರಿಮ್ಮಿನ ಮೇಲಿದ್ದದ್ದು ಮೂರು ಗೀಟು. ಇನ್ನೊಂದು ಭಾನುವಾರ ತಡೆದಿದ್ದರೆ...

ಮಧ್ಯಾಹ್ನ ಅವಳು ಅಂಗಡಿಗೆ ಹೋದಾಗ, ಭಾನುವಾರವಾದರೂ ಬಾಗಿಲು ತೆರೆದಿತ್ತು. ಸರ್ವೋತ್ತಮ ನೆಲದ ಮೇಲೆ ಹಳೆಯ ಪೇಪರು ಹರಡಿ, ಪೆನ್ಸಿಲಿನಲ್ಲಿ ಅವಳ ಲೈನಿನ ಮನೆಗಳನ್ನೆಲ್ಲ ಗುರುತು ಮಾಡುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಕಣ್ಣು ನೇರ ಅವಳ ಕೈಯ ಬ್ಯಾಂಡೇಜಿಗೆ ಹೋಯಿತು, ಅಲ್ಲಿಯೇ ಉಳಿಯಿತು.

"ಮೂವತ್ತೊಂದು ಮನೆ ತಪ್ಪಿದೆ," ಎಂದ ತಪ್ಪೊಪ್ಪಿಕೊಳ್ಳುವವನಂತೆ. "ನಾಳೆ ತಪ್ಪುವುದಿಲ್ಲ."

ಬೈಯಲೆಂದೇ ಅವಳು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಒಂದೂ ನೆನಪಿಗೆ ಬರಲಿಲ್ಲ.

"ಚಕ್ರ ನನಗೆ ಅಂತ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಎಂತ ಕಷ್ಟ ಇತ್ತು?"

"ಹೇಳಿದರೆ ಅವತ್ತೇ ಕೊಡಿ ಅಂತಿದ್ದಿರಿ. ನೀವು ಕೇಳಿದರೆ ನಾನು ಕೊಡ್ತಿದ್ದೆ..." ಅವನು ತಡೆದ. "ಬೇರೆಯವರಿಗೆ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದೆ ನನಗೆ."

ಕುಶಲಾ ಸ್ಟೂಲಿನ ಮೇಲೆ ಕುಳಿತಳು. ಕಾಲು ನೋಯುತ್ತಿದೆ ಎಂದು ತನಗೆ ತಾನೇ ನೆಪ ಹೇಳಿಕೊಂಡಳು.

"ಐವತ್ತು ಕಿಲೋ ಹೊಯಿಗೆ ಯಾಕೆ? ನಾನೊಬ್ಬಳು, ಪೇಪರು ಹದಿನೈದು ಕಿಲೋ. ನೀವು ತುಳಿದರೇ ಅಷ್ಟು ಭಾರ ಆಗ್ತದೆ. ಮೇಲಿಂದ ಆ ಗೋಣಿ ಯಾರ ಲೆಕ್ಕಕ್ಕೆ?"

ಹೊರಗೆ ಒಂದು ಬಸ್ಸು ಬಂದು, ಜನರನ್ನು ಇಳಿಸಿ, ಹೊರಟುಹೋಯಿತು.

"ಇಬ್ಬರು ಕೂತರೂ ತಡೆಯಬೇಕು ಅಂತ," ಎಂದ ಕೊನೆಗೆ.

ಅವನೇ ಅವಸರವಸರವಾಗಿ ಮುಂದುವರಿಸಿದ. ಕೈ ವಾಸಿಯಾಗುವ ತನಕ ತಾನು ತುಳಿಯುವುದು, ಪೇಪರು ಎದುರಿನ ಚೀಲದಲ್ಲಿ, ಅವಳು ಹಿಂದೆ ಕೂತು ಮನೆ ತೋರಿಸುವುದು. ಚಕ್ರ ಹೇಗೂ ಗಟ್ಟಿಯಾಗಿದೆ, ಹೆದರಬೇಕಾದ್ದಿಲ್ಲ...

"ಚಕ್ರ ತಡೆದೀತು. ಊರು ತಡೆಯಬೇಕಲ್ಲ," ಎಂದಳು ಅವಳು ಮೆಲ್ಲಗೆ. "ನಿಮ್ಮ ಹಿಂದೆ ಕೂತುಕೊಂಡು ನೂರ ಅರವತ್ತು ಮನೆಗೆ ಹೋದರೆ ಜನ ಎಂತ ಹೇಳ್ತಾರೆ, ಗೊತ್ತುಂಟಾ?"

"ಗೊತ್ತುಂಟು. ಅದನ್ನೂ ಆಲೋಚನೆ ಮಾಡಿದ್ದೇನೆ."

ಆಮೇಲೆ ಅವನು ಗೋಡೆಯನ್ನು ನೋಡುತ್ತ, ಗಿರಾಕಿಗೆ ಸಾಮಾನಿನ ಗುಣದೋಷ ವಿವರಿಸುವ ಅದೇ ಧ್ವನಿಯಲ್ಲಿ ಹೇಳತೊಡಗಿದ.

"ನನ್ನ ಅಮ್ಮನಿಗೆ ಕಿವಿ ಕೇಳುವುದಿಲ್ಲ, ಮನೆಯಲ್ಲಿ ಕೂಗಿಯೇ ಮಾತಾಡಬೇಕು. ಗಲ್ಫಿಗೆ ಹೋಗುವ ಆಲೋಚನೆ ನನಗಿಲ್ಲ, ಇದ್ದದ್ದು ಈ ಅಂಗಡಿ ಒಂದೇ. ಎಲ್ಲದಕ್ಕೂ ನಿಧಾನ. ಮಾತೂ ಕಡಿಮೆ, ನಿಮಗೆ ಬೇಜಾರು ಬರಬಹುದು. ಪೇಪರ್ ಹಾಕುವುದನ್ನು ನೀವು ಬಿಡಬೇಕಾದ್ದಿಲ್ಲ. ಹಾಂ, ಮತ್ತೆ ಕಣ್ಣು. ದೂರದ್ದು ಸ್ವಲ್ಪ ಮಸುಕು, ಅದಕ್ಕೇ ಬೆಳಗ್ಗೆ ಮನೆ ತಪ್ಪಿದ್ದು..."

"ಇನ್ನೂ ಉಂಟಾ?" ಎಂದು ಕೇಳಿದಳು ಕುಶಲಾ.

"ಉಂಟು."

"ಅದನ್ನೆಲ್ಲ ಆಮೇಲೆ ಹೇಳಿ, ಮಾರಾಯ್ರೆ. ಹೌದು ಅಂತ ಹೇಳ್ಲಿಕ್ಕೆ ನನಗೆ ಒಮ್ಮೆ ಬಿಡ್ತೀರಾ?"

ಅವನು ಗೋಡೆಯಿಂದ ಕಣ್ಣು ತೆಗೆದ.

"ಅವಸರ ಇಲ್ಲ. ಆಲೋಚನೆ ಮಾಡಿ, ಒಂದು ವಾರ ಬಿಟ್ಟು..."

"ಹೌದು."

"ಅಣ್ಣನಿಗೆ ಬಹರೈನಿಗೆ ಕಾಗದ ಬರೆದು..."

"ಹೌದು ಅಂತ ಹೇಳಿದೆನಲ್ಲ."

ಸರ್ವೋತ್ತಮನ ಮುಖದಲ್ಲಿ ನಗು ಬರುವುದನ್ನು ಅವಳು ಅವತ್ತೇ ಮೊದಲು ಕಂಡದ್ದು. ಅದೂ ನಿಧಾನವಾಗಿಯೇ ಬಂತು. ಬಂದದ್ದು ಹೋಗಲಿಲ್ಲ. ಈ ಎರಡು ತಿಂಗಳು ಈ ಮನುಷ್ಯ ನನ್ನ ಜೀವ ಹಿಂಡಿದ್ದೆಲ್ಲ ಈ ನಗುವನ್ನು ಒಳಗೆ ಇಟ್ಟುಕೊಂಡೇ ಅಲ್ಲವೇ ಎಂದು ಅವಳಿಗೆ ಸಿಟ್ಟೂ ಬಂತು, ಕಣ್ಣೀರೂ ಬಂತು.

"ಕುಶಲಾ," ಎಂದ ಅವನು. ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಅವಳ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಅಪ್ಪನ ಹತ್ತಿರ ಮಾತಾಡ್ಲಿಕ್ಕೆ ಯಾವಾಗ ಬರ್ತೀರಿ?"

"ಬರುವ ಆದಿತ್ಯವಾರ..." ಎಂದು ಸುರು ಮಾಡಿದವನು ಅವಳ ಮುಖ ನೋಡಿ ಮಾತು ನಿಲ್ಲಿಸಿದ. ಎದ್ದು, ಬಾಗಿಲಿನ ಹಲಗೆಗಳನ್ನು ಒಂದೊಂದಾಗಿ ಜೋಡಿಸತೊಡಗಿದ.

"ಈಗಲೇ ಬರ್ತೇನೆ," ಎಂದ. "ನೀವು ಮೆಲ್ಲ ನಡೆಯಿರಿ. ಕಾಲು ನೋಯ್ತದೆ."

"ಮೆಲ್ಲ ನಡೆಯುವುದನ್ನು ನನಗೆ ನೀವು ಕಲಿಸಬೇಕಾ!" ಎಂದಳು ಅವಳು. ಆದರೂ ನಿಂತಳು, ಕೊನೆಯ ಹಲಗೆ ಕೂರುವವರೆಗೂ.